ನಾಲ್ಕು ಬೆರಳು

ಪೋರ್ತೊ ನತಾಲೆಸ್ ಸೆರೆಮನೆಯಲ್ಲಿ
ಕ್ಯಾಮೆರಾ ನನ್ನ ಸುಪರ್ದಿ.
ಒಂದು ಮೇಜು, ಒಂದು ಪರದೆ,
ಪರದೆಯ ನೆತ್ತಿಯಲ್ಲಿ ಕಡಲೆಕಾಳಿನಷ್ಟು ಗಾಜು.
ಹೊರಗೆ ಕೊಲ್ಲಿ. ಅದರ ಹೆಸರು ಕೊನೆಯ ಆಸೆ.
ದಾರಿ ಹುಡುಕಿ ಸೋತ ನಾವಿಕನೊಬ್ಬ ಇಟ್ಟದ್ದಂತೆ.
ನಾವು ದಿನಾ ಕರೆದೂ ಕರೆದೂ
ಆಸೆಯೂ ಕೇಳಿಸುವುದಿಲ್ಲ, ಕೊನೆಯೂ.

ಜುಲೈನಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ.
ಕೈದಿಗಳು ಕೋರ್ಟಿಗೆ ಹೋಗುವುದಿಲ್ಲ,
ಕೋರ್ಟೇ ಬರುತ್ತದೆ,
ಎದೆಯಿಂದ ಮೇಲಕ್ಕೆ ಮಾತ್ರ.

ಇವತ್ತು ಎಲ್ಯುತೇರಿಯೊ ನಾವೆಲ್ಕೀನ್.
ಏಡಿ ಹಿಡಿಯುವ ದೋಣಿಗೆ ಇವನೇ ಬೆಂಕಿಯಿಟ್ಟ
ಎಂದು ಮಾಲೀಕನ ದೂರು.
ಅಲೆಗೆ ಸ್ಟವ್ ಮಗುಚಿತು ಎಂದು ಇವನು.
ಕಂಡವರಿಲ್ಲ, ಬಂಡೆಯ ಮೇಲಿನ
ಕಡಲಸಿಂಹಗಳನ್ನು ಬಿಟ್ಟರೆ.

ಯಾರದೋ ಅಂಗಿ ತೊಟ್ಟು, ಕೂದಲಿಗೆ ನೀರು ಸವರಿ
ಬಂದು ಕೂತ. ನ್ಯಾಯಾಧೀಶೆ ಉರ್ರೆಹೋಲಾ
ಪರದೆಯಲ್ಲಿ ಮೂಡಿದ ಕೂಡಲೇ
ಅವರ ಕಣ್ಣಿಗೆ ಕಣ್ಣು ಕೊಟ್ಟ.
ಕೊಟ್ಟವನು ಮತ್ತೆ ತೆಗೆಯಲೇ ಇಲ್ಲ.
ರಾತ್ರಿ ಕಾವಲಲ್ಲಿ ದೀಪಸ್ತಂಭ ನೋಡುವವನ ಹಾಗೆ
ನೋಡುತ್ತ ಹೇಳಿದ: ಸ್ಟವ್, ಅಲೆ, ಸುಟ್ಟ ಮುಂಗೈ.

ಮೂಲೆಯ ಸಣ್ಣ ಚೌಕದಲ್ಲಿ ನನಗೆ ಕಾಣುತ್ತಿದ್ದದ್ದು ಬೇರೆ,
ಅವರಿಗೆ ಅಲ್ಲಿ ಕಾಣುವುದೂ ಅದೇ:
ರೆಪ್ಪೆ ಇಳಿಬಿಟ್ಟು
ಮೇಜಿನ ಅಂಚಿಗೆ ಮಾತಾಡುವ ಒಬ್ಬ ಮನುಷ್ಯ.

'ಆರೋಪಿ ತಲೆಯೆತ್ತಿ ಮಾತಾಡಲಿ' ಎಂದರು ಅವರು.
ಎತ್ತಿದ. ಗದ್ದ ಎತ್ತಿದ,
ಕಣ್ಣು ಅವರಲ್ಲೇ ಇಟ್ಟ.
ಈಗ ಅಹಂಕಾರಿಯಂತೆ ಕಂಡ.
ಅವರು ಏನೋ ಬರೆದುಕೊಂಡರು.

ಎಷ್ಟೋ ಸಲ ಅಳೆದಿದ್ದೇನೆ, ಕೈಯಿಟ್ಟು.
ಇಲ್ಲಿಂದ ಅಲ್ಲಿಗೆ ಇನ್ನೂರೈವತ್ತು ಕಿಲೋಮೀಟರ್.
ಅದನ್ನೆಲ್ಲ ತಂತಿ ದಾಟುತ್ತದೆ, ಗಾಳಿಯಲ್ಲೂ.
ಪರದೆಯ ಕಣ್ಣಿಂದ ನೆತ್ತಿಯ ಗಾಜಿಗೆ ನಾಲ್ಕು ಬೆರಳು.
ಇದನ್ನು ಯಾರೂ ದಾಟಿಲ್ಲ.

ನಾನು ಸಲಹೆ ಕೊಡುವ ಹಾಗಿಲ್ಲ.
ನನ್ನದು ತಂತಿಯ ಕೆಲಸ, ಮಾತಿನದಲ್ಲ.
ಆದರೆ ಚಿತ್ರ ಹೆಪ್ಪುಗಟ್ಟಿತು,
ನ್ಯಾಯಾಧೀಶೆ ಅರ್ಧ ಬಾಯಿ ತೆರೆದು ನಿಂತುಬಿಟ್ಟರು.
ತಂತಿ ಅಲುಗಿಸುವ ನೆಪದಲ್ಲಿ ಬಗ್ಗಿ ಹೇಳಿದೆ:
'ಅವರನ್ನು ನೋಡಬೇಡ. ಆ ಕಪ್ಪು ತೂತು ನೋಡು.'

'ಅಲ್ಲಿ ಯಾರಿದ್ದಾರೆ?'

'ಯಾರೂ ಇಲ್ಲ. ಅಲ್ಲಿ ನೋಡಿದರೆ
ಅವರನ್ನು ನೋಡಿದ ಹಾಗೆ ಕಾಣುತ್ತದೆ.'

ಚಿತ್ರ ಮತ್ತೆ ಜೀವ ಹಿಡಿಯಿತು.
ಅವನು ತೂತಿಗೆ ಹೇಳತೊಡಗಿದ:
ಸ್ಟವ್. ಅಲೆ.
ಆಮೇಲೆ... ಅಲೆ. ಸ್ಟವ್.
ಮೊದಲು ಉಪ್ಪುನೀರಿನ ವಾಸನೆಯಿದ್ದ ಮಾತು
ಈಗ ಶಾಲೆಯ ಪಾಠ ಒಪ್ಪಿಸಿದಂತಿತ್ತು.
ಮೂಲೆಯ ಚೌಕದಲ್ಲಿ ಮಾತ್ರ
ಸತ್ಯವಂತನೊಬ್ಬ ನೆಟ್ಟಗೆ ನನ್ನನ್ನೇ ನೋಡುತ್ತಿದ್ದ,
ನಾನೇ ಕಣ್ಣು ಕಿತ್ತು
ಸದ್ದಿನ ಹಸಿರು ಗೆರೆ ನೋಡಿದೆ.

ಆಗಲೇ ಕಂಡದ್ದು. ಉರ್ರೆಹೋಲಾ
ಕೆಳಗೆ ನೋಡುತ್ತಿದ್ದರು.
ಕಾಗದವನ್ನಲ್ಲ; ಪೆನ್ನು ಮುಚ್ಚಿಟ್ಟಿದ್ದರು.
ಅಲ್ಲಿಯ ಪರದೆಯಲ್ಲಿ ಇವನ ಕಣ್ಣಿರುವ ಜಾಗ ಅದು.
ಅವರಿಗೂ ನಾಲ್ಕು ಬೆರಳು.
ಅವರು ನೋಡಿದಾಗ ಇವನು ತೂತಿನಲ್ಲಿದ್ದ,
ಇವನು ನೋಡಿದಾಗ ಅವರು ಬರೆಯುತ್ತಿದ್ದರು.

ಹದಿನೇಳಕ್ಕೆ ಮುಂದೂಡಿದೆ, ಎಂದಿತು ಕೋರ್ಟು.
ಪರದೆ ಕಪ್ಪಾಯಿತು,
ಅದರಲ್ಲಿ ನಾವಿಬ್ಬರೂ ಮಂಕಾಗಿ ಕಂಡೆವು.

ಬಾಗಿಲ ಹತ್ತಿರ ಅವನು ನಿಂತು ಕೇಳಿದ:
'ಸುಟ್ಟ ಕೈ ತೋರಿಸಿದೆನಲ್ಲ,
ಆಗ ಅವರ ಮುಖ ಹೇಗಿತ್ತು, ಸೆಞೋರಾ?
ನಾನು ತೂತು ನೋಡುತ್ತಿದ್ದೆ.'

ಕೈ ತೋರಿಸಿದ್ದನೆ?
ಕ್ಯಾಮೆರಾ ಒರೆಸುವ ಬಟ್ಟೆ ಮಡಿಸುತ್ತ ನಿಂತೆ,
ಒಮ್ಮೆ, ಇನ್ನೊಮ್ಮೆ,
ಮಡಿಸಲಾಗದಷ್ಟು ಚಿಕ್ಕದಾಗುವವರೆಗೆ.