ಕಲಂ ಹನ್ನೊಂದು

ಅರ್ಜಿ ಬಂದದ್ದು ಮಾರ್ಚ್ ಕೊನೆಯ ವಾರ,
ಬಜೆಟ್ಟಿನ ಚೀಲದ ತಳದಲ್ಲಿ ಇನ್ನೂ ಚಿಲ್ಲರೆ ಉಳಿದಿದ್ದಾಗ.
ಹ್ಯಾಲಿಫ್ಯಾಕ್ಸಿನ ನಾಲ್ಕನೇ ಮಹಡಿಯಲ್ಲಿ ನನ್ನ ಮೇಜು.
ಉಳಿದವರೆಲ್ಲ ಟೈಪು ಮಾಡಿ ಕಳಿಸುತ್ತಾರೆ.
ಇದು ಪೆನ್ಸಿಲಿನದು.
ಅಂಚಿನಲ್ಲಿ ರಾಳದ ಬೆರಳಚ್ಚು,
ಒಣಗಿ ಗಾಜಾಗಿತ್ತು.

ದೋಣಿ ಕಟ್ಟುವ ಶೆಡ್ಡು. ಒಡತಿ ವರ್ನಾ ಕಾರ್ಕಮ್.
ಕೆಲಸದವರು ಐದು; ಆರು ಬರೆದು, ಒರೆಸಿ, ಐದು.
ಕಲಿಯಬೇಕಾದ್ದು: ಫೈಬರ್ ಒಡಲಿಗೆ
ಗಾಳಿ ಎಳೆದು ರಾಳ ಊಡುವುದು.
ಹನ್ನೆರಡು ವಾರ, ಇಬ್ಬರಿಗೆ.
ಮೂರರಲ್ಲಿ ಎರಡು ಪಾಲು ಸರಕಾರ ಕೊಟ್ಟರೆ
ಉಳಿದ ಒಂದು ಪಾಲಿಗೆ
ಅಪ್ಪನ ಕಾಲದ ಗರಗಸದ ಯಂತ್ರ ಮಾರುತ್ತೇನೆ.
ಇದನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇಲ್ಲ,
ಬದಿಯಲ್ಲಿ ಅಡ್ಡಡ್ಡ ಬರೆದಿದ್ದಳು.
ಕಾಗದ ತಿರುಗಿಸಿ ಓದಿದೆ.

ಕಲಂ ಹನ್ನೊಂದು ಕೇಳುತ್ತದೆ:
ನೌಕರರ ಈಗಿನ ಕೌಶಲ್ಯ? ಒಂದಕ್ಕೆ ಮಾತ್ರ ಗುರುತು ಹಾಕಿ.
ಇಲ್ಲ. ಅಲ್ಪ. ಸಾಧಾರಣ. ಉತ್ತಮ.
ಮಿರೆಯ್ ಕೊಮೊ, ಇಪ್ಪತ್ತೆರಡು: ಅಲ್ಪ.
ಓಬೆಡ್ ನಿಕಲ್, ಐವತ್ತೊಂಬತ್ತು:
ಯಾವ ಚೌಕಕ್ಕೂ ಗುರುತಿಲ್ಲ.
ಕೆಳಗೆ, ಗೆಣ್ಣಿನಿಂದ ತಟ್ಟಿ ಹೇಳುತ್ತಾನೆ
ಹಲಗೆಯೊಳಗೆ ಎಲ್ಲಿ ಕೊಳೆತಿದೆ ಅಂತ.
ನಲವತ್ತು ವರ್ಷದಲ್ಲಿ ಎರಡು ಸಲ ತಪ್ಪಿದ್ದಾನೆ.
ಎರಡನೆಯದು, ಹೆಂಡತಿ ತೀರಿಕೊಂಡ ವಾರ.

ನಿಯಮದ ಪ್ರಕಾರ ಅರ್ಜಿ ಅಪೂರ್ಣ. ಫೋನು ಮಾಡಿದೆ.
'ಒಂದು ಗುರುತು ಹಾಕಲೇಬೇಕಲ್ಲ, ಮೇಡಂ.'
ಆ ಕಡೆ ಮರಳು ಕಾಗದದ ಸದ್ದು ನಿಂತಿತು.
'ಹಾಗಾದರೆ ಇಲ್ಲ ಅಂತ ಹಾಕಿ,' ಅಂದಳು.
'ಅವನಿಗೆ ಮಾತ್ರ ತೋರಿಸಬೇಡಿ.'

ಜೂನಿನಲ್ಲಿ ತಪಾಸಣೆಗೆ ಹೋದೆ.
ಹತ್ತು ಗಂಟೆಯಾದರೂ ಮಂಜು ಕೊಲ್ಲಿ ಬಿಟ್ಟು ಎದ್ದಿರಲಿಲ್ಲ.
ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ದೋಣಿಯೊಂದು
ಉಸಿರು ಬಿಗಿಹಿಡಿದು ಬೋರಲು ಮಲಗಿತ್ತು.
ಪಂಪು ಗಾಳಿ ಎಳೆಯಬೇಕು, ಆಮೇಲೆ ರಾಳ ಹರಿಯಬೇಕು,
ಎಲ್ಲೋ ಒಂದಿಷ್ಟು ಸೋರಿದರೆ
ಇಡೀ ಒಡಲು ಕಸ.
ಮೇಷ್ಟರು ಓಬೆಡ್‌ನ ಅರ್ಧ ವಯಸ್ಸಿನವನು, ಕೈಯಲ್ಲಿ ಗಡಿಯಾರ.
ಮಿರೆಯ್ ಮಾಪಕ ಓದುತ್ತಿದ್ದಳು. ಎಲ್ಲ ಸರಿ ಇತ್ತು.
'ಸೋರುತ್ತಿದೆ,' ಅಂದ ಓಬೆಡ್.
ಮಾಪಕ ಇಲ್ಲ ಅಂದಿತು.
'ಆ ಮೂಲೆ. ಸೊಳ್ಳೆಯ ಹಾಗೆ.'
ಮೊಣಕಾಲೂರಿ ಹುಡುಕಿದರೆ ಟೇಪಿನ ಅಡಿಯಲ್ಲಿ
ಕೂದಲೆಳೆಯಷ್ಟು ಸಂದು.
ಮುಚ್ಚುವುದು ಹೇಗೆಂದು ಓಬೆಡ್‌ಗೆ ಗೊತ್ತಿರಲಿಲ್ಲ.
ಮಿರೆಯ್ ಮುಚ್ಚಿದಳು.
ಅವನು ಬಗ್ಗಿ ಅವಳ ಬೆರಳನ್ನೇ ನೋಡಿದ,
ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ಕದಿಯುವ ಹುಡುಗನಂತೆ.
ಹಾಜರಿ ಹಾಳೆಗೆ ಬಡಗಿಯ ಪೆನ್ಸಿಲಿನಲ್ಲೇ ಸಹಿ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು
ಎಷ್ಟು ದಿನ? ಗಾದೆ ಕೇಳಿ ಸುಮ್ಮನಾಗುತ್ತದೆ.
ನಮ್ಮ ಇಲಾಖೆ ಉತ್ತರವನ್ನೂ ಕಂಡುಕೊಂಡಿದೆ: ಆರು ತಿಂಗಳು.
ಕಲಿತವರು ಅಷ್ಟು ದಿನ ಅಲ್ಲೇ ಉಳಿದರೆ ಫಲ.
ಬಿಟ್ಟುಹೋದರೆ, ವಸೂಲಿ ಪರಿಶೀಲಿಸಿ.

ನಾಲ್ಕನೇ ತಿಂಗಳಿಗೆ ವರ್ನಾಳ ವರದಿ ಬಂತು.
ಮಿರೆಯ್ ದೊಡ್ಡ ಯಾರ್ಡಿಗೆ ಹೋದಳು,
ಅಲ್ಲಿ ಹಲ್ಲಿನ ವಿಮೆಯೂ ಇದೆಯಂತೆ.
ನಾನು ಕೊಡಲಾರೆ, ತಡೆಯಲೂ ಇಲ್ಲ.
ಹೋಗುವ ದಿನ ಅವಳ ಕೈ ನನ್ನದಕ್ಕಿಂತ ಪಳಗಿತ್ತು,
ಇದನ್ನು ಯಾವ ಕಲಂನಲ್ಲಿ ಬರೆಯಲಿ?
ಹಣ ವಾಪಸು ಬೇಕಿದ್ದರೆ ಕಂತು ಮಾಡಿಕೊಡಿ.
ಓಬೆಡ್ ಇದ್ದಾನೆ. ಈಗ ಫೈಬರನ್ನೂ ತಟ್ಟಿ ನೋಡುತ್ತಾನೆ.
ಅದರ ಸದ್ದೇ ಬೇರೆಯಂತೆ.
ಇನ್ನೂ ತಿಳಿದಿಲ್ಲ, ಕಲಿಯುತ್ತಿದ್ದೇನೆ ಅನ್ನುತ್ತಾನೆ.

ಫಲ, ವಸೂಲಿ. ಎರಡೇ ಚೌಕ.
ಐದು ಗಂಟೆಯಾಯಿತು, ಪಕ್ಕದ ಮೇಜಿನ ದೀಪ ಆರಿತು.
ಡ್ರಾಯರಿನಲ್ಲಿ ಹುಡುಕಿ ಪೆನ್ಸಿಲೊಂದನ್ನು ಹೆರೆದೆ.
ಬದಿಯಲ್ಲಿ ಬರೆದೆ, ಅಡ್ಡಡ್ಡ:
ಹುಡುಗಿ ಇದೇ ಪ್ರಾಂತ್ಯದಲ್ಲಿದ್ದಾಳೆ.
ಅವಳು ಎರೆದ ದೋಣಿಗಳು ಇದೇ ನೀರಿನಲ್ಲಿವೆ.
ಸೋರಿದ ವರದಿ ಇಲ್ಲ.

ಮೇಲಿನವರು ಬೇಕಾದರೆ
ಕಾಗದ ತಿರುಗಿಸಿ ಓದಿಕೊಳ್ಳಲಿ.