ಕಾಲು ಸುತ್ತು

ಟೋಪಿ ಹಾಕಿಕೊಳ್ಳಿ. ನನಗೆ ಬೇಡ,
ಈ ಊರಿಗೆ ಆಗಲೇ ಮೂರು ಸಲ ಹಾಕಿದ್ದಾರೆ.
ಬಾಗಿಲನ್ನು ತುಸು ಮೇಲೆತ್ತಿ ತಳ್ಳಬೇಕು, ಹಾಂ, ಹಾಗೆ.
ತಲೆ ಮೇಲೆ ಬೀಳುವುದೇನಿದ್ದರೂ ಪಾರಿವಾಳದ ಹಿಕ್ಕೆ.

ಉಗ್ರಾಣದ ದೊಬ್ರಿಂಕಾ ನಾನೇ.
ಸಂಬಳ ಬಂದ ವರ್ಷವೆಷ್ಟು, ಬಾರದ್ದೆಷ್ಟು,
ಬರೆದಿಟ್ಟಿಲ್ಲ. ಬರೆದಿಟ್ಟದ್ದು ಇಷ್ಟೇ:
ಪ್ರತಿ ಸೋಮವಾರ
ಆರು ಪಂಪುಗಳ ದಂಡಕ್ಕೆ ಗ್ರೀಸು,
ಒಂದೊಂದಕ್ಕೂ ಕಾಲು ಸುತ್ತು.
ತಿರುಗದೆ ಮಲಗಿದ ಉಕ್ಕು
ತನ್ನ ಭಾರಕ್ಕೆ ತಾನೇ ಬಾಗುತ್ತದೆ.
ಮನುಷ್ಯರ ಹಾಗೆ, ಅನ್ನಬೇಡಿ.
ಮನುಷ್ಯರನ್ನು ಯಾರು ತಿರುಗಿಸಿದರು ಇಲ್ಲಿ?

ಮೆತೋದಿ ಆ ಕ್ರೇನಿನ ಮೇಲಿದ್ದ.
ಕೆಲಸ ನಿಂತ ದಿನ ಕೊಕ್ಕೆಯಲ್ಲಿ
ಕಂಬಿಯ ಕಂತೆ ತೂಗುತ್ತಿತ್ತು.
ಏರಿಸಲೋ ಇಳಿಸಲೋ, ರೇಡಿಯೋದಲ್ಲಿ ಕೇಳಿದ.
ಉತ್ತರ ಬರಲಿಲ್ಲ.
ಇಳಿಸಿದ, ಮೊಟ್ಟೆಯ ಬುಟ್ಟಿ ಇಳಿಸಿದಷ್ಟು ಮೆತ್ತಗೆ.
ಆಮೇಲೆ ಸ್ಪೇನಿಗೆ ಹೋಗಿ ಸ್ಟ್ರಾಬೆರಿ ಬಿಡಿಸಿದ,
ಅಲ್ಲೇ ಮಣ್ಣಾದ.
ಅವನು ಕೂರುತ್ತಿದ್ದ ಗೂಡಿನ ಮೇಲೆ ಈಗ
ಕೊಕ್ಕರೆ ಸಂಸಾರ.
ಕೆಲಸ ಶುರುವಾಗುವುದಾದರೆ ಆಗಸ್ಟ್ ಕಳೆಯಲಿ,
ಮರಿಗಳು ಹಾರಲಿ.

ಗೋಡೆಗೆ ಸುತ್ತಿಗೆ ಬಡಿದು ಕಿವಿಗೊಡುತ್ತೀರಿ,
ಕಲ್ಲಂಗಡಿ ಕೊಳ್ಳುವವರಂತೆ.
ಗಟ್ಟಿ ಇದೆಯೇ? ಇರಲೇಬೇಕು.
ಡ್ಯಾನ್ಯೂಬಿನ ಮಂಜು ಮೂವತ್ತು ಚಳಿಗಾಲ
ನಿಮಗಿಂತ ಮೊದಲೇ ಬಡಿದು ನೋಡಿದೆ.

ಗೇಟಿನ ಹೊರಗೆ ಫಲಕ ಹಿಡಿದು ನಿಂತವಳು
ನನ್ನ ತಂಗಿಯ ಮಗಳು ಕಲೀನಾ.
ಅವಳದ್ದೂ ಸುಳ್ಳಲ್ಲ.
ಆ ಒಂದು ವಸಂತದಲ್ಲಿ ಉತ್ತರದಿಂದ ಮಳೆ ಬಂದಾಗ
ಯಾರೂ ಏನೂ ಹೇಳಲಿಲ್ಲ,
ನಾವು ಹಿತ್ತಲ ಸೊಪ್ಪು ತಿಂದೆವು,
ಅವಳಮ್ಮ ಆಗ ಬಸುರಿ.
ಮಧ್ಯಾಹ್ನ ಇಬ್ಬರಿಗೂ ಒಂದೇ ಬುತ್ತಿ.
ಮಾತಿಲ್ಲ, ಚೀಸ್ ಮಾತ್ರ ಅವಳಿಗೆ ಜಾಸ್ತಿ.

ಏನಂದಿರಿ?
ಹೊಸ ನಕ್ಷೆ, ಹೊಸ ಕಂಪನಿ,
ಈ ಪಂಪುಗಳು ಅದಕ್ಕೆ
ಒಗ್ಗುವುದಿಲ್ಲ.
ಇದನ್ನು ಹೇಳಲು ಈ ಕನ್ನಡಕದ ಹುಡುಗನನ್ನೇ ಬಿಟ್ಟಿರಿ,
ಅವನು ನೆಲ ನೋಡುತ್ತಿದ್ದಾನೆ ಪಾಪ.

ಆರೂ?

ಹೂಂ.

ಆ ಕಡೆಯ ಹಿಡಿ ಹಿಡಿದುಕೋ ಮಗು,
ಈಚೆಗೆ ನಾಲ್ಕನೆಯದು ಒಬ್ಬಳಿಗೆ ಭಾರ.
ಜೋರು ಬೇಡ. ಕಾಲು ಸುತ್ತು ಸಾಕು.
ಇವತ್ತು ಸೋಮವಾರ.