ನಲವತ್ತು ಸೆಕೆಂಡು

ರಾಯಚೂರಿನಲ್ಲಿ ಹನಿ ಮಳೆಯಿಲ್ಲ.
ಡಿಸಿ ಆಫೀಸಿನ ಮುಂದೆ ಬೇವಿನ ನೆರಳೂ ಕಾದಿದೆ.
ಆದರೂ ಹೊಳೆ ಬರುತ್ತಿದೆ,
ಯಾವುದೋ ಸೀಮೆಯ ಮಳೆ
ನಾರಾಯಣಪುರದ ಗೇಟು ದಾಟಿ
ನನ್ನ ಪರದೆಯ ಮೇಲೆ ನೀಲಿಯಾಗಿ.

ಆ ನೀಲಿಗೆ ಅಂಚು ಕಟ್ಟುವುದು ನನ್ನ ಕೆಲಸ.
ಗುತ್ತಿಗೆ ನೌಕರಿ, ಕಂಟ್ರೋಲ್ ರೂಮು,
ಮೂರನೇ ಕುರ್ಚಿ, ಒಂದು ಗಾಲಿ ಇಲ್ಲದ್ದು.
ನೀರಿನ ಮಟ್ಟ ಗಂಟೆಗೊಮ್ಮೆ ಬರುತ್ತದೆ,
ಉಪಗ್ರಹದ ಚಿತ್ರ ನಿನ್ನೆಯದು, ಮೋಡ ಮೆತ್ತಿದ್ದು,
ಡ್ರೋನು ಸಂಜೆಗೇ ಕಣ್ಣು ಮುಚ್ಚಿದೆ.
ಸಾಹೇಬರು ಬಗ್ಗಿ ಕೇಳುತ್ತಾರೆ: ಇದು ಈಗಿನದಾ?
ಈಗಿನದೇ ಸರ್, ಅನ್ನುತ್ತೇನೆ.

ಈಗ ಅಂದರೆ ನಲವತ್ತು ಸೆಕೆಂಡು ಹಿಂದೆ.
ದೋಣಿ ಇದ್ದ ಜಾಗ ಟವರಿಗೆ ಹೋಗಿ,
ಎಲ್ಲೆಲ್ಲೋ ಸುತ್ತಿ,
ಇಲ್ಲಿ ಚುಕ್ಕೆಯಾಗಿ ಮಿನುಗುವಷ್ಟರಲ್ಲಿ
ಹೊಳೆ ಮುಂದೆ ಹೋಗಿರುತ್ತದೆ.
ಇದನ್ನು ಸಾಹೇಬರಿಗೆ ಹೇಳಿಲ್ಲ.

ರಾತ್ರಿ ಎಂಟಕ್ಕೆ ಹಾಲಗಡ್ಡಿಯಿಂದ ಫೋನು.
ನಕಾಶೆಯಲ್ಲಿ ಹಾಲಗಡ್ಡಿ ಒಂದು ಹಸಿರು ತುಣುಕು.
ಮನೆ: ಸೊನ್ನೆ.
'ಏಳು ಮಂದಿ ಅದೀವಿ ಎವ್ವಾ' ಅನ್ನುತ್ತದೆ ಸೊನ್ನೆ.
'ಅಂಬ್ರಮ್ಮ ಅಂತಾರ ನನಗ. ಒಂದು ಕೂಸು. ಆಡು ಹದಿನಾಕು.'
ಎಲ್ಲಿದ್ದೀರಿ?
'ಇಲ್ಲೇ.'
ಇಲ್ಲೇ ಅಂದರೆ?
'ನಮ್ಮತ್ತೀನ ಮಣ್ಣು ಮಾಡಿದಲ್ಲಿಂದ ಮೂಡಲಕ್ಕ ಬಂದ್ರ
ಒಂದು ಜಾಲಿಗಿಡ, ಅದರಾಚಿ ಆನಿಯಂಥಾ ಬಂಡಿಗಲ್ಲು.
ಅದರ ಮ್ಯಾಲ ಕುಂತೀವಿ.
ಟಾರ್ಚು ಹಚ್ಚಲೇನು? ಮ್ಯಾಲಿಂದ ಎಲ್ಲಾ ಕಾಣ್ತೈತಂತಲ್ಲ ನಿಮಗ?'

ಕಾಣುವುದಿಲ್ಲ.
ಹಚ್ಚಬ್ಯಾಡ, ಬ್ಯಾಟರಿ ಉಳಿಸಮ್ಮ, ಅನ್ನುತ್ತೇನೆ.
ಅಕ್ಷಾಂಶ ರೇಖಾಂಶದ ಚೌಕಗಳಲ್ಲಿ
ಸತ್ತ ಅತ್ತೆಯನ್ನು ಹುಡುಕುತ್ತೇನೆ.
ಹಳೆಯ ಒಂದು ಬೇಸಿಗೆಯ ಚಿತ್ರ ತೆಗೆದು ಹಿಗ್ಗಿಸಿದರೆ,
ಬತ್ತಿದ ಹೊಳೆಯ ನಡುವೆ
ಜಾಲಿಯ ನೆರಳಿಗೆ ಒತ್ತಿಕೊಂಡು
ಜೋಳದ ಕಾಳಿನಷ್ಟು ಬಿಳಿ.
ಅಲ್ಲೊಂದು ಕೆಂಪು ಚುಕ್ಕೆ ಇಟ್ಟೆ,
ಕೂಸಿನ ಹಣೆಗೆ ಇಡುವಂತೆ, ಉಸಿರು ಹಿಡಿದು.

ರಬ್ಬರ್ ದೋಣಿಯಲ್ಲಿ ಪಡೆಯವರು ನಾಲ್ವರು,
ಮೂತಿಯಲ್ಲಿ ಅಂಬಿಗರ ಯಂಕೋಬ.
ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಫೋನು
ಅವನೆದೆಯ ಮೇಲೆ, ತಾಯತದ ಹಾಗೆ.
ನಾನು ನೇರ ಗೆರೆ ಎಳೆದೆ.
ಚುಕ್ಕೆ ಗೆರೆ ಬಿಟ್ಟು ಪಡುವಲಕ್ಕೆ, ಎದುರು ನೀರಿಗೆ.
ದಾರಿ ತಪ್ಪಿದಿರಿ, ಚೀರಿದೆ.
'ಮ್ಯಾಲ ಹೋಗಿ ಬಿಟ್ರ ಆತ್ರಿ ಮೇಡಮ್,
ಹೊಳಿನೇ ಒಯ್ದು ಮುಟ್ಟಸ್ತೈತಿ.'

ಒಂಬತ್ತು ಐವತ್ತೆರಡಕ್ಕೆ ಚುಕ್ಕೆ ನಿಂತಿತು.

ನಲವತ್ತು ಸೆಕೆಂಡು.
ಇನ್ನೊಂದು ನಲವತ್ತು.
ದೋಣಿ ನಿಂತಿರಬಹುದು. ಟವರು ಸತ್ತಿರಬಹುದು.
ಮತ್ತೊಂದು ಆಗಿರಬಹುದು.
ಮೂರಕ್ಕೂ ನಕಾಶೆಯಲ್ಲಿ ಒಂದೇ ಬಣ್ಣ.
ಯಾರೋ ತಂದಿಟ್ಟ ಚಹಾ ಕೆನೆ ಕಟ್ಟಿತು.
ಸಾಹೇಬರು ಈ ಸಲ ಕೇಳಲಿಲ್ಲ, ಈಗಿನದಾ ಅಂತ.

ಹನ್ನೊಂದು ನಿಮಿಷ.
ಆಮೇಲೆ ಚುಕ್ಕೆ ಕುಪ್ಪಳಿಸಿತು,
ಕೆಂಪಿನ ಪಕ್ಕದಿಂದ ಈಚೆ ದಂಡೆಯ ಕಡೆಗೆ.
'ಆಡು ಹತ್ತವಲ್ವಾಗಿದ್ದೂರಿ' ಅಂದ ಯಂಕೋಬ,
ಮೋಟಾರಿನ ಸದ್ದಿನೊಳಗಿಂದ.
ಮಂದಿ ಏಳು, ಕೂಸು ಒಂದು. ಬರೆದುಕೊಂಡೆ.
ಆಡು ಒಂಬತ್ತು.
ಬಂಡೆಯ ಮೇಲೆ ಉಳಿದ ಐದಕ್ಕೆ
ನನ್ನ ಪಟ್ಟಿಯಲ್ಲಿ ಕಾಲಮ್ಮಿಲ್ಲ.

ನೀರಿಳಿದ ಮೇಲೆ ಹೇಳಿದರು,
ತಾತ್ಕಾಲಿಕ ಗುರುತುಗಳನ್ನೆಲ್ಲ ಅಳಿಸಿ.
ನೂರಾ ಆರು ಅಳಿಸಿದೆ.
ಒಂದನ್ನು ಇಟ್ಟುಕೊಂಡೆ. ಮನೆ: ಒಂದು.
ವಿಳಾಸದ ಜಾಗದಲ್ಲಿ ಬರೆದೆ:
ಅತ್ತೆಯ ಮಣ್ಣಿನಿಂದ ಮೂಡಲಕ್ಕೆ,
ಜಾಲಿಗಿಡದಾಚೆ.

ದಸರೆಯ ಹೊತ್ತಿಗೆ ಅದೇ ನಂಬರಿನಿಂದ ಫೋನು.
ಹಿಂದೆ ಆಡಿನ ಕೊರಳ ಗಂಟೆ.
'ಹೊಳ್ಳಿ ಬಂದೀವಿ ಎವ್ವಾ, ಗಡ್ಡಿಗೆ.
ಈಗ ಕಾಣ್ತೀವೇನು?'

ಹೂಂ ಅನ್ನಲು
ನನಗೂ ಸ್ವಲ್ಪ ತಡವಾಯಿತು.